ಆಯಿಯ ಫೋಟೋಕ್ಕೆ ಪ್ಲಾಸ್ಟಿಕ್ ಹೊದಿಸಿದ್ದು

ನಮ್ಮ ಮನೆಯ ಟಿವಿ ರಿಮೋಟು ಪ್ಲಾಸ್ಟಿಕ್ ಚೀಲದೊಳಗೆ ವಾಸವಾಗಿ ಎಷ್ಟೋ ವರ್ಷಗಳಾದವು. ಟಿವಿ ಎರಡು ಸಲ ಬದಲಾಯಿತು, ರಿಮೋಟೂ ಬದಲಾಯಿತು, ಚೀಲ ಮಾತ್ರ ಅದೇ. ಅದರ ಮೇಲೆ ಎಣ್ಣೆಗೈ, ಹಿಟ್ಟಿನ ಕೈ, ಶೇಂಗಾ ಹಿಂಡಿಯ ಕೈ ಎಲ್ಲ ಓಡಾಡಿ ಒಳಗಿನ ಅಂಕಿಗಳು ಈಗ ಕಾಣಿಸುವುದಿಲ್ಲ. ಅಂದಾಜಿನ ಮೇಲೆ ಒತ್ತಬೇಕು. ವಾರ್ತೆ ನೋಡಲು ಹೋದರೆ ಕುಸ್ತಿ ಬರುತ್ತದೆ, ಬಂದದ್ದನ್ನು ನೋಡುತ್ತೇವೆ. ಆದರೆ ಒಳಗಿನ ರಿಮೋಟಿಗೆ ಒಂದು ಗೀರೂ ಬಿದ್ದಿಲ್ಲ ಎಂಬುದು ನನ್ನ ಹೆಮ್ಮೆ. ನಗಬೇಡಿ, ನಿಮ್ಮ ಮನೆಯಲ್ಲೂ ಇಂಥದೊಂದು ಇದ್ದೀತು.

ಮೊನ್ನೆ ಆ ಚೀಲ ಹರಿಯಿತು. ಹೊಸದು ಹುಡುಕುತ್ತ ಅಡುಗೆಮನೆಯ ಮೇಲಿನ ಹಲಗೆಯಲ್ಲಿ ಕೈಯಾಡಿಸಿದಾಗ ಸುರುಳಿ ಸುತ್ತಿದ ತೆಳು ಪ್ಲಾಸ್ಟಿಕ್ ಹಾಳೆಯೊಂದು ಕೈಗೆ ಬಂತು. ಕೆಳಗೆ ರೊಟ್ಟಿ ಬಡಿಯುತ್ತಿದ್ದ ನನ್ನ ಹೆಂಡತಿ ಶಾಂತಾ ತಟ್ಟನೆ ಕೈ ನಿಲ್ಲಿಸಿ ಆ ಸುರುಳಿಯನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು. "ಇನ್ನಾ ಇಟ್ಟೀರೇನ್ರಿ ಅದನ್ನ?" ಎಂದಳು. ನಾನು ಹುಳ್ಳಗೆ ನಕ್ಕು ಅದನ್ನು ಇದ್ದಲ್ಲೇ ತುರುಕಿ ಸ್ಟೂಲಿನಿಂದ ಇಳಿದೆ. ಆ ಸುರುಳಿಯ ಕತೆಯನ್ನು ನಿಮಗೆ ಹೇಳಿಬಿಡುತ್ತೇನೆ. ಹೇಳಿದರೆ ನನ್ನ ಮರ್ಯಾದೆ ಸ್ವಲ್ಪ ಹೋಗುತ್ತದೆ, ಇರಲಿ.

ನಾನು ಅಫಜಲಪುರದ ಹೈಸ್ಕೂಲೊಂದರಲ್ಲಿ ಮೂವತ್ತೆರಡು ವರ್ಷ ವಿಜ್ಞಾನ ಕಲಿಸಿ ನಿವೃತ್ತನಾದವನು. ನಿವೃತ್ತಿಯ ಮರುದಿನದಿಂದಲೇ ನನಗೆ ಮೊದಲೇ ಇದ್ದ ವಸ್ತುಗಳನ್ನು ಕಾಪಾಡುವ ಹುಚ್ಚು ನೆತ್ತಿಗೇರಿತು. ಸೋಫಾಕ್ಕೆ ಹೊದಿಕೆ ಹಾಕಿಸಿದೆ, ಆ ಹೊದಿಕೆ ಹೊಲಸಾಗದಂತೆ ಅದರ ಮೇಲೊಂದು ಹೊದಿಕೆ ಹಾಕಿಸಿದೆ. ಮಿಕ್ಸರಿಗೆ ಕುಲಾಯಿ ಹೊಲಿಸಿದೆ. ಸ್ಕೂಟರಿನ ಸೀಟಿಗೆ ಬಂದ ಕಂಪನಿಯ ಪ್ಲಾಸ್ಟಿಕ್ ಇನ್ನೂ ಹಾಗೆಯೇ ಇದೆ. ಬೇಸಿಗೆಯಲ್ಲಿ ಅದರ ಮೇಲೆ ಕುಳಿತು ಎದ್ದರೆ ಪ್ಯಾಂಟು ಅಲ್ಲೇ ಉಳಿಯುತ್ತದೇನೋ ಎಂದು ಭಯವಾಗುತ್ತದೆ. ಶಾಂತಾ ಒಮ್ಮೆ ಬೇಸತ್ತು, "ಸುಮ್ನ ಒಂದು ಕಡಿ ಕೂಡ್ರಿ. ಇಲ್ಲಂದ್ರ ನಿಮಗೂ ಒಂದು ಕುಲಾಯಿ ಹೊಲಿಸ್ತೇನಿ" ಎಂದಿದ್ದಳು.

ಈ ಹುಚ್ಚು ನನಗೆ ಅಪ್ಪನಿಂದ ಬಂದದ್ದು. ಗೊಬ್ಬೂರಿನ ನಮ್ಮ ಹಳೆಯ ಮನೆಯ ಪಡಸಾಲೆಯಲ್ಲಿ ಆರು ಫೋಟೋಗಳಿದ್ದವು. ನಮ್ಮ ಕಡೆ ಫೋಟೋವನ್ನು ಗೋಡೆಗೆ ನೆಟ್ಟಗೆ ಆನಿಸುವುದಿಲ್ಲ. ತೊಲೆಯ ಹತ್ತಿರ ಎತ್ತರದಲ್ಲಿ ಮೊಳೆ ಹೊಡೆದು, ಮೇಲಿನ ಅಂಚು ಮುಂದಕ್ಕೆ ಬಾಗುವಂತೆ ದಾರ ಬಿಟ್ಟು ಕಟ್ಟುತ್ತಾರೆ. ತೀರಿಹೋದ ಹಿರಿಯರು ಮೇಲಿನಿಂದ ಬಗ್ಗಿ, ಯಾರ ತಾಟಿನಲ್ಲಿ ಎಷ್ಟು ರೊಟ್ಟಿ ಇದೆ ಎಂದು ಎಣಿಸುತ್ತಿರುವ ಹಾಗೆ ಕಾಣುತ್ತದೆ. ನಾನು ಚಿಕ್ಕವನಿದ್ದಾಗ ಮುತ್ಯಾನ, ಅಂದರೆ ಅಜ್ಜನ, ಫೋಟೋದ ಕೆಳಗೆ ಕುಳಿತು ಎಂದೂ ಬೆಲ್ಲ ಕದ್ದು ತಿನ್ನಲಿಲ್ಲ. ಎದ್ದು ಕಂಬದ ಮರೆಗೆ ಹೋಗಿ ತಿನ್ನುತ್ತಿದ್ದೆ.

ಹೀಗೆ ಬಾಗಿಸಿ ಕಟ್ಟಿದ ಫೋಟೋದ ಹಿಂದೆ ಒಂದು ಸಂದಿ ಉಳಿಯುತ್ತದಲ್ಲ, ಅದು ಗುಬ್ಬಿಗಳಿಗೆ ಬಹಳ ಇಷ್ಟ. ಪ್ರತಿ ವರ್ಷ ಮುತ್ಯಾನ ಬೆನ್ನ ಹಿಂದೆ ಒಂದು ಗುಬ್ಬಿಯ ಬಾಣಂತನವಾಗುತ್ತಿತ್ತು. ಹುಲ್ಲು, ನೂಲು, ಕೋಳಿಯ ಪುಕ್ಕ ಎಲ್ಲ ಮುತ್ಯಾ ತಲೆಗೆ ಸುತ್ತಿದ ಪಟಗದ ಹಿಂದಿನಿಂದ ಇಣುಕುತ್ತಿದ್ದವು. ಅಪ್ಪನಿಗೆ ಸಂಕಟ. ಗೂಡು ತೆಗೆದರೆ ಪಾಪ ತಟ್ಟುತ್ತದೆ, ಬಿಟ್ಟರೆ ಫೋಟೋ ಹಾಳಾಗುತ್ತದೆ. ಮರಿಗಳು ಹಾರಿಹೋಗುವ ತನಕ ಕಾದು, ಅವು ಹೋದ ದಿನವೇ ಏಣಿ ಹತ್ತಿ ಮುತ್ಯಾನ ಬೆನ್ನು ಒರೆಸಿ, ಬೇವಿನ ಸೊಪ್ಪು ತುರುಕಿ, ನುಸಿಗುಳಿಗೆ ಕಟ್ಟಿ ಇಳಿಯುತ್ತಿದ್ದ. ಮಧ್ಯಾಹ್ನ ಪಡುವಣ ಬಾಗಿಲಿನ ಬಿಸಿಲು ಗೋಡೆಗೆ ಬೀಳುವ ಹೊತ್ತಿಗೆ ಎಲ್ಲಿದ್ದರೂ ಓಡಿ ಬಂದು ಮುತ್ಯಾನ ಮುಖಕ್ಕೆ ಒಂದು ಟವೆಲ್ ಇಳಿಬಿಡುತ್ತಿದ್ದ. ಆ ಹೊತ್ತಿಗೆ ಬಂದ ನೆಂಟರಿಗೆ, "ಮುತ್ಯಾ ಮಲಗ್ಯಾನ, ಸಾವಕಾಶ ಮಾತಾಡ್ರಿ" ಎಂದು ನಾವು ಹುಡುಗರು ಹೇಳಿ ಏಟು ತಿಂದದ್ದುಂಟು.

ಆ ಸಾಲಿನಲ್ಲಿ ಕೊನೆಯ ಫೋಟೋ ನಮ್ಮ ಕಾಕಾನದು. ಕಾಕಾ ಗಟ್ಟಿಮುಟ್ಟಾಗಿ ಜೇವರ್ಗಿಯಲ್ಲಿ ಅಂಗಡಿ ಇಟ್ಟುಕೊಂಡಿದ್ದ. ಬೇರೆ ಮೊಳೆ ಇಲ್ಲದ್ದರಿಂದ ಅವನ ಫೋಟೋವನ್ನು ಸತ್ತವರ ಸಾಲಿಗೆ ಸೇರಿಸಿದ್ದರು. ಒಂದು ವರ್ಷ ಹಿರಿಯರಿಗೆ ಎಡೆ ಇಡುವ ಅಮಾವಾಸ್ಯೆಯ ದಿನ, ಹಬ್ಬದ ಗಡಿಬಿಡಿಯಲ್ಲಿ ಅವ್ವ ಎಡದಿಂದ ಬಲಕ್ಕೆ ಎಲ್ಲರ ಹಣೆಗೂ ಇಬತ್ತಿ ಬಳಿದು, ಎಲ್ಲರಿಗೂ ಹಾರ ಹಾಕಿ, ಎಲ್ಲರ ಮುಂದೂ ಹೋಳಿಗೆಯ ಎಡೆ ಇಟ್ಟುಬಿಟ್ಟಳು. ಸರಿಯಾಗಿ ಅದೇ ಹೊತ್ತಿಗೆ ಕಾಕಾ ಬಾಗಿಲಲ್ಲಿ ಬಂದು ನಿಂತ. ಗೋಡೆ ನೋಡಿದ, ಎಡೆ ನೋಡಿದ, ಅವ್ವನನ್ನು ನೋಡಿದ. ಅವ್ವ ಕೈಯಲ್ಲಿದ್ದ ಊದಿನಕಡ್ಡಿಯನ್ನು ಬೆನ್ನ ಹಿಂದೆ ಬಚ್ಚಿಟ್ಟಳು. ಕಾಕಾ ಚಪ್ಪಲಿ ಬಿಟ್ಟು ಒಳಗೆ ಬಂದು, "ನನಗಂತ ಇಟ್ಟದ್ದು ಐತಲ್ಲ, ನಾನs ಉಂಡು ಹೋಗ್ತೇನಿ" ಎಂದು ತನ್ನ ಫೋಟೋದ ಕೆಳಗೇ ಕುಳಿತು ತನ್ನ ಎಡೆ ತಾನೇ ಮುಗಿಸಿದ. ಆಮೇಲೆ ಇಪ್ಪತ್ತು ವರ್ಷ ಬದುಕಿದ್ದ.

ನಮ್ಮ ಮನೆಯಲ್ಲಿ ಇನ್ನೊಂದು ಪದ್ಧತಿಯಿತ್ತು. ಎಡೆ ಇಡುವ ಮೊದಲು ಫೋಟೋಗಳಿಗೆ ಸ್ನಾನವಾಗಬೇಕು. ಒದ್ದೆ ಅರಿವೆಯಿಂದ ಒರೆಸುವುದಲ್ಲ, ಸ್ನಾನವೇ. ಬಚ್ಚಲ ಕಲ್ಲಿನ ಮೇಲೆ ಒಬ್ಬೊಬ್ಬರನ್ನೇ ನಿಲ್ಲಿಸಿ ತಂಬಿಗೆಯಿಂದ ನೀರು ಹಾಕುವುದು. ಅದೂ ಬೆಚ್ಚನೆಯ ನೀರು. ತಣ್ಣೀರು ಹಾಕಿದರೆ ಹಿರಿಯರು ಸಿಟ್ಟಾಗುತ್ತಾರೆ ಎಂದು ಅವ್ವನ ನಂಬಿಕೆ. ಹೀಗೆ ವರ್ಷಕ್ಕೊಮ್ಮೆ ಮಿಂದರೂ ಆ ಫೋಟೋಗಳು ಉಳಿದದ್ದು ಅಪ್ಪನಿಂದ. ಸ್ನಾನವಾದ ಮೇಲೆ ಅಪ್ಪ ಅವುಗಳ ಹಿಂಬದಿಯ ರಟ್ಟು ಬಿಚ್ಚಿ, ಅಂಗಳದ ಬೇವಿನ ಮರದ ನೆರಳಲ್ಲಿ ಗಾಳಿಗೆ ಇಟ್ಟು, ಪೂರ್ತಿ ಒಣಗಿದವೆಂದು ಮೂಸಿ ನೋಡಿ, ಆಮೇಲೆ ಮೊಳೆಗೆ ಹಾಕುತ್ತಿದ್ದ. ನಾನು ಅಪ್ಪನ ಬೇವಿನ ಸೊಪ್ಪು ನೋಡಿದೆ, ನುಸಿಗುಳಿಗೆ ನೋಡಿದೆ, ಈ ಒಣಗಿಸುವುದನ್ನು ಮಾತ್ರ ಮನಸ್ಸಿಗೆ ಹಾಕಿಕೊಳ್ಳಲಿಲ್ಲ.

ಅಪ್ಪ ಹೋದ ಮೇಲೆ ಅವ್ವ ನಮ್ಮ ಜೊತೆ ಅಫಜಲಪುರಕ್ಕೆ ಬಂದಳು. ಬರುವಾಗ ಮಿಕ್ಕ ಫೋಟೋಗಳನ್ನು ನನ್ನ ತಮ್ಮನ ಮನೆಯಲ್ಲಿ ಬಿಟ್ಟು, ಒಂದನ್ನು ಮಾತ್ರ ತನ್ನ ಸೀರೆಯಲ್ಲಿ ಸುತ್ತಿಕೊಂಡು ಬಂದಳು. ಅದು ಅವಳ ಅವ್ವನ ಫೋಟೋ, ಅಂದರೆ ನಮ್ಮ ಆಯಿ. ಆಯಿ ಜೇವರ್ಗಿ ತಾಲೂಕಿನ ಕೊಳಕೂರದವಳು. ಒಮ್ಮೆ ಘತ್ತರಗಿಯ ಭಾಗ್ಯವಂತಿಗೆ ಹರಕೆ ಒಪ್ಪಿಸಲು ಹೋದಾಗ, ಹೊಳೆಯ ದಂಡೆಯಲ್ಲಿ ಪರದೆ ಕಟ್ಟಿಕೊಂಡು ಕುಳಿತಿದ್ದ ಫೋಟೋದವನೊಬ್ಬ ತೆಗೆದದ್ದಂತೆ. ಆಯಿ ಕ್ಯಾಮೆರಾಕ್ಕೆ ಹೆದರಿ ಕಣ್ಣು ದೊಡ್ಡದು ಮಾಡಿದ್ದಾಳೆ. ಪಕ್ಕದಲ್ಲಿ ಐದು ವರ್ಷದ ನಮ್ಮ ಅವ್ವ, ಹುಬ್ಬು ಗಂಟಿಕ್ಕಿ, ಒಂದು ಮುಷ್ಟಿಯಲ್ಲಿ ಆಯಿಯ ಸೆರಗನ್ನು ಬಿಗಿಯಾಗಿ ಹಿಡಿದು ನಿಂತಿದ್ದಾಳೆ. ಅದೇ ವರ್ಷ ಆಯಿ ಜ್ವರ ಬಂದು ತೀರಿಕೊಂಡಳು. ಅವಳದು ಇರುವುದು ಇದೊಂದೇ ಫೋಟೋ.

ಹೋದ ವರ್ಷದ ಎಡೆಯ ಅಮಾವಾಸ್ಯೆಗೆ ಅವ್ವ ಎಂದಿನಂತೆ ಆಯಿಗೆ ಬೆಚ್ಚನೆಯ ನೀರು ಹಾಕಿದಳು. ಅರಿವೆಯಿಂದ ಮೇಲೆ ಮೇಲೆ ಒರೆಸಿ ಗೋಡೆಗೆ ಏರಿಸುವಷ್ಟರಲ್ಲಿ ನಾನು ಮುಂದೆ ಬಂದೆ. ಕೈಯಲ್ಲಿ ಆ ಪ್ಲಾಸ್ಟಿಕ್ ಸುರುಳಿ. ಧೂಳು ಕೂಡ್ರಬಾರದು, ಹಲ್ಲಿ ಹರಿಯಬಾರದು, ಗೆದ್ದಲು ಮುಟ್ಟಬಾರದು. ಮೂರು ಸುತ್ತು ಸುತ್ತಿ, ಅಂಚಿಗೆಲ್ಲ ಟೇಪು ಜಡಿದು, ಒಂದು ಇರುವೆಗೂ ದಾರಿ ಇಲ್ಲದಂತೆ ಬಂದೋಬಸ್ತು ಮಾಡಿ, ಬಿಸಿಲು ಬೀಳುವ ಗೋಡೆಗೇ ತೂಗುಹಾಕಿದೆ. ನಾಲ್ಕು ದಿನವಾದ ಮೇಲೆ ಅವ್ವ ಕರೆದಳು.

"ಶರಣ್ಯಾ, ಇಲ್ಲಿ ಬಾರೋ. ನಮ್ಮವ್ವಗ ಶಕಿ ಆಗಾಕತ್ತದ. ಬೆವತಾಳ ನೋಡು."

ನೋಡಿದರೆ ಪ್ಲಾಸ್ಟಿಕ್ಕಿನ ಒಳಗೆ ಸಣ್ಣ ಸಣ್ಣ ಹನಿಗಳು. ನಾನು ದೊಡ್ಡದಾಗಿ ನಕ್ಕೆ. "ಫೋಟೋ ಎಲ್ಲೆರ ಬೆವರ್ತದೇನ್ಬೇ ಅವ್ವಾ" ಎಂದೆ. ಅವ್ವ ನನ್ನ ಮಾತು ಕಿವಿಗೆ ಹಾಕಿಕೊಳ್ಳದೆ ಎದ್ದು ಹೋಗಿ ಆಯಿಗಾಗಿ ಫ್ಯಾನು ಹಾಕಿದಳು. ಮೂವತ್ತೆರಡು ವರ್ಷ ಬೋರ್ಡಿನ ಮೇಲೆ ಚಿತ್ರ ಬರೆದು ಆವಿಯಾಗುವಿಕೆ, ಸಾಂದ್ರೀಕರಣ ಎಂದು ಮಕ್ಕಳ ಕಿವಿ ಹಿಂಡಿದವನು ನಾನು. ಅಂದು ಆ ಮನೆಯಲ್ಲಿ ವಿಜ್ಞಾನ ತಿಳಿದಿದ್ದವಳು ಅವ್ವ ಒಬ್ಬಳೇ. ನಾನು ಫ್ಯಾನು ಆರಿಸಿ ಕರೆಂಟು ಉಳಿಸಿದೆ.

ಕೆಲವು ತಿಂಗಳ ನಂತರ ಒಂದು ಅಮಾವಾಸ್ಯೆಗೆ ಅವ್ವ, ಶಾಂತಾ ಇಬ್ಬರೂ ಘತ್ತರಗಿಗೆ ಹೋದರು. ಮನೆಯಲ್ಲಿ ನಾನೊಬ್ಬನೇ. ಸುಮ್ಮನೆ ಕೂಡಲಾರದೆ ಆಯಿಯ ಹೊದಿಕೆ ಬದಲಿಸೋಣವೆಂದು ಕೆಳಗಿಳಿಸಿ ಬಿಚ್ಚಿದೆ. ಬೂಸಲು ವಾಸನೆ ಬಂತು. ಗಾಜಿನ ಒಳಗೆ ಅಲ್ಲಲ್ಲಿ ಬಿಳಿ ಬಿಳಿ ಬೂಸಲು ಹಬ್ಬಿ, ಫೋಟೋ ಗಾಜಿಗೆ ಅಂಟಿಕೊಂಡುಬಿಟ್ಟಿತ್ತು. ಚೌಕಟ್ಟಿನ ಪಟ್ಟಿ, ಹಿಂದಿನ ರಟ್ಟು ಎಲ್ಲ ಕಳಚಿದರೂ ಬಿಡಲಿಲ್ಲ.

ಇಂಥ ಹೊತ್ತಿನಲ್ಲಿ ಬುದ್ಧಿ ಇರುವವರು ಬಲ್ಲವರನ್ನು ಕೇಳುತ್ತಾರೆ. ನಾನು ಮೊಬೈಲನ್ನು ಕೇಳಿದೆ. ಒಬ್ಬ ಪುಣ್ಯಾತ್ಮ ಫೋಟೋವನ್ನು ತಣ್ಣಗೆ ಮಾಡಿರಿ, ತಾನೇ ಬಿಡುತ್ತದೆ ಎಂದ. ಇನ್ನೊಬ್ಬ ಬಿಸಿ ಮಾಡಿರಿ ಎಂದ. ಮೂರನೆಯವನು ಏನೂ ಮಾಡಬೇಡಿರಿ ಎಂದ. ಅವನ ವಿಡಿಯೋ ಅರ್ಧಕ್ಕೇ ನಿಲ್ಲಿಸಿದೆ. ಫ್ರಿಜ್ಜಿನ ಒಳಗಿನ ಹಲಗೆ ತೆಗೆದು, ಹಾಲು, ಮೊಸರು, ಮೆಂತ್ಯೆ ಸೊಪ್ಪನ್ನೆಲ್ಲ ಹೊರಗೆ ಹಾಕಿ, ಆಯಿಯನ್ನು ಒಳಗೆ ನಿಲ್ಲಿಸಿ ಬಾಗಿಲು ಮುಚ್ಚಿದೆ. ಒಂದು ತಾಸು ಬಿಟ್ಟು ತೆಗೆದು ಮಾಳಿಗೆಯ ಬಿಸಿಲಿಗೆ ಒಯ್ದೆ. ಮುಖದ ಮೇಲೆ ನೀರಿಳಿಯಿತು. ಒರೆಸಿ ಮತ್ತೆ ಫ್ರಿಜ್ಜಿಗೆ ತಂದೆ. ಬದುಕಿದ್ದಾಗ ಕೊಳಕೂರ ಬಿಟ್ಟು ಹೆಚ್ಚು ಹೊರಗೆ ಹೋಗದ ಆಯಿ ಒಂದೇ ಮಧ್ಯಾಹ್ನದಲ್ಲಿ ಅಷ್ಟು ಹವಾಮಾನ ಕಂಡಳು. ಕೊನೆಗೆ ಒಂದು ಮೂಲೆ ಸ್ವಲ್ಪ ಎದ್ದ ಹಾಗೆ ಕಂಡಿತು. ನಾನು ಮೂಲೆ ಹಿಡಿದು ಎಳೆದೆ.

ಚರ್ರ್ ಎಂದಿತು. ಫೋಟೋ ಕೈಗೆ ಬಂತು. ಆಯಿ ಇದ್ದಳು. ಆಯಿಯ ಪಕ್ಕದಲ್ಲಿ ಹುಡುಗಿ ಇರಲಿಲ್ಲ. ಮೊಣಕಾಲಿನ ಕೆಳಗೆ ಎರಡು ಸಣ್ಣ ಕಾಲುಗಳು ನಿಂತಿದ್ದವು, ಮೇಲೆ ಬರೀ ಬಿಳಿ ರಟ್ಟು. ಹಿಡಿದ ಕೈ ಇಲ್ಲದೆ ಸೆರಗಿನ ತುದಿ ಗಾಳಿಯಲ್ಲಿ ನಿಂತಿತ್ತು. ಗಾಜಿನ ಒಳಮೈಗೆ ಬಿಳಿಯ ಹೊಟ್ಟಿನಂಥದು ಅಂಟಿಕೊಂಡಿತ್ತು. ಆ ಹೊಟ್ಟು ನೋಡಲಾರದೆ ಗಾಜನ್ನು ಪೇಪರಿನಲ್ಲಿ ಸುತ್ತಿದೆ. ಫೋಟೋ, ಗಾಜು, ಕಟ್ಟಿನ ಪಟ್ಟಿ ಎಲ್ಲ ಸೇರಿಸಿ ಹಾಸಿಗೆಯ ಚಾದರಿನಲ್ಲಿ ಗಂಟು ಕಟ್ಟಿದೆ. ಗಂಟು ಕಟ್ಟುವ ಮೊದಲೇ ಹರಿದ ಫೋಟೋವನ್ನು ಮೊಬೈಲಿನಲ್ಲಿ ತೆಗೆದಿದ್ದೆ, ಅದನ್ನು ಹಿಡಿದುಕೊಂಡು ಓಣಿಯ ಸ್ಟುಡಿಯೋಕ್ಕೆ ಓಡಿದೆ.

ನಮ್ಮ ಕಡೆಯ ಸ್ಟುಡಿಯೋಗಳ ಕಲೆ ನಿಮಗೆ ಗೊತ್ತಿರಬೇಕು. ಹಳೆಯ ಫೋಟೋ ಕೊಟ್ಟರೆ ಕಂಪ್ಯೂಟರಿಗೆ ಹಾಕಿ, ಮುಖ ಒಂದು ಬಿಟ್ಟು ಉಳಿದದ್ದೆಲ್ಲ ಹೊಸದು ಮಾಡಿಕೊಡುತ್ತಾರೆ. ಹೀಗಾಗಿ ಊರಿನ ಅರ್ಧಕ್ಕರ್ಧ ಮನೆಗಳಲ್ಲಿ ಅಜ್ಜಿಯರಿಗೆಲ್ಲ ಒಂದೇ ಹಸಿರು ರೇಷ್ಮೆ ಸೀರೆ, ಒಂದೇ ನಾಲ್ಕೆಳೆ ಸರ, ಒಂದೇ ಭುಜ. ಮುತ್ಯಾಗಳಿಗೆಲ್ಲ ಒಂದೇ ಕರಿ ಕೋಟು. ಜೀವಮಾನದಲ್ಲಿ ಅಂಗಿಯ ಗುಂಡಿ ಹಾಕದವನೂ ಗೋಡೆಯ ಮೇಲೆ ಕೋಟು ಹಾಕಿ ಕುಳಿತಿರುತ್ತಾನೆ. ಸ್ಟುಡಿಯೋದವನು ನನ್ನ ಮೊಬೈಲು ನೋಡಿ, "ಇದೇನ್ ದೊಡ್ಡದಲ್ಲ ಬಿಡ್ರಿ ಸರ್, ಬ್ಯಾರೆ ಹುಡುಗೀನ ನಿಂದ್ರಿಸೋಣ" ಎಂದ. ಅವನ ಕಂಪ್ಯೂಟರಿನಲ್ಲಿ ಆರು ಹುಡುಗಿಯರಿದ್ದರು. "ನಗೋದು ಬೇಕ್ರೋ, ಸುಮ್ನ ನಿಂತಿದ್ದು ಬೇಕ್ರೋ? ಹಿಂದ ಜೋಗದ ಗುಂಡಿ ಹಾಕ್ಲೇನ್ರಿ?" ಎಂದು ಕೇಳಿದ. ಒಬ್ಬ ಹುಡುಗಿಯ ಕೈಯಲ್ಲಿ ಟೆಡ್ಡಿ ಕರಡಿ ಇತ್ತು. ಮನೆಯಲ್ಲಿ ಕೇಳಿ ಬರುತ್ತೇನೆಂದು ಎದ್ದು ಬಂದೆ.

ಸಂಜೆ ಅವ್ವ ಬಂದವಳೇ ಕುಂಕುಮ ಹಚ್ಚಲು ಗೋಡೆಯ ಕಡೆ ಹೋದಳು. ಬರೀ ಮೊಳೆ.

"ನಮ್ಮವ್ವ ಎಲ್ಲಿ?"

"ಕಟ್ಟಿಗಿಗೆ ಗೆದ್ದಲ ಹತ್ತಿತ್ತಬೇ. ಕಟ್ಟು ಬದಲಿ ಮಾಡ್ಸಬೇಕು" ಎಂದು ಗಂಟಿನ ಕಡೆ ಕೈ ತೋರಿಸಿದೆ.

"ಎಲ್ಲಿ, ಬಿಚ್ಚು, ನೋಡ್ತೇನಿ."

"ಬಿಚ್ಚಿದ್ರ ಗೆದ್ದಲ ಮನಿತುಂಬ ಹರಡ್ತಾವ!"

ಅವ್ವ ನನ್ನ ಮುಖವನ್ನು ಒಂದು ಗಳಿಗೆ ನೋಡಿದಳು. "ಕಟ್ಟು ಹಾಕಿದಾಂವ ಆಳಂದದ ದಸ್ತಗೀರ. ನಿಮ್ಮಪ್ಪ ಅಲ್ಲಿ ಸಾಲಿ ಮಾಸ್ತರ ಇದ್ದಾಗ ಹಾಕಿಸಿದ್ದು. ಆಂವನ ಕೈಲೇ ಆಗಬೇಕು. ನಾಳೆ ಹೋಗೂಣು. ನಾನೂ ಬರ್ತೇನಿ" ಎಂದಳು. ಎಪ್ಪತ್ತೆಂಟು ವರ್ಷದ ಮೊಣಕಾಲು, ಬಸ್ಸಿನ ದಾರಿ, ಬಿಸಿಲು ಎಂದು ನಾನು ಎಷ್ಟು ಹೇಳಿದರೂ ಕೇಳಲಿಲ್ಲ. "ನಮ್ಮವ್ವನ ನೀ ಒಬ್ಬಾಂವ ಹೆಂಗ ಒಯ್ತಿ?" ಎಂಬುದೊಂದೇ ಪ್ರಶ್ನೆ.

ಮರುದಿನ ಬೆಳಿಗ್ಗೆ ಆಳಂದದ ಬಸ್ಸಿನಲ್ಲಿ ಅವ್ವ ಕಿಟಕಿಯ ಪಕ್ಕ ಕುಳಿತು ಗಂಟನ್ನು ತೊಡೆಯ ಮೇಲೆ ನಿಲ್ಲಿಸಿಕೊಂಡಳು. ಕಂಡಕ್ಟರ್ ಬಂದು, "ಅಮ್ಮಾ, ಸಾಮಾನು ಕೆಳಗ ಇಡ್ರಿ. ಇಲ್ಲಂದ್ರ ಲಗೇಜ್ ಆಗ್ತದ" ಎಂದ.

"ಸಾಮಾನಲ್ಲೋ ಯಪ್ಪಾ, ನಮ್ಮವ್ವ."

ಕಂಡಕ್ಟರ್ ಎರಡು ಹೆಜ್ಜೆ ಹಿಂದೆ ಸರಿದ. ನಾನು ಫೋಟೋ ಎಂದು ಬಿಡಿಸಿ ಹೇಳಿದ ಮೇಲೆ ಉಸಿರು ಬಿಟ್ಟು, "ಫೋಟೋಕ್ಕೂ ಲಗೇಜ್ ಆಗ್ತದ್ರಿ" ಎಂದ.

"ಹೆಣಮಕ್ಕಳಿಗೆ ಟಿಕೀಟ ಇಲ್ಲಂತ ಸರಕಾರ ಹೇಳೇದಲ್ಲ? ನಮ್ಮವ್ವ ಏನ್ ಗಂಡಸಾ?"

"ಹಂಗಾರ ಆಧಾರ ಕಾರ್ಡ ತೋರಸ್ರಿ ಅವರದು."

"ಆಕಿ ಹೋದಾಗ ಆಧಾರ ಹುಟ್ಟೇ ಇದ್ದಿಲ್ಲ. ನಂದು ನೋಡ್ಕೊ, ನಾ ಆಕಿ ಮಗಳು" ಎಂದು ಅವ್ವ ತನ್ನ ಕಾರ್ಡು ಹಿಡಿದಳು. ಬಸ್ಸೆಲ್ಲ ನಕ್ಕಿತು. ಕಂಡಕ್ಟರ್ ಕೈ ಮುಗಿದು ಮುಂದೆ ಹೋದ. ಹಿಂದಿನ ಸೀಟಿನ ಹೆಂಗಸು ಮಾತ್ರ ನಗದೆ, ಸೆರಗಿನಿಂದ ಕಣ್ಣೊರೆಸಿಕೊಳ್ಳಲು ತಯಾರಾಗಿ, "ಯಾವಾಗ ಹೋದ್ರು ಯವ್ವಾ ನಿಮ್ಮವ್ವ?" ಎಂದು ಕೇಳಿದಳು. "ನಾ ಐದು ವರ್ಷದಾಕಿ ಇದ್ದಾಗ" ಎಂದಳು ಅವ್ವ. ಆ ಹೆಂಗಸು ಅವ್ವನ ಬಿಳಿ ಕೂದಲು ನೋಡಿ, ಸೆರಗು ಕೆಳಗಿಳಿಸಿ, ಚೀಲದಿಂದ ಚುರುಮುರಿ ತೆಗೆದು ಎಲ್ಲರಿಗೂ ಹಂಚಿದಳು.

ಬಸ್ಸು ತೊಗರಿ ಹೊಲಗಳ ನಡುವೆ ಕುಲುಕುತ್ತ ಹೋಗುತ್ತಿರುವಾಗ ಅವ್ವ ಗಂಟಿನ ಮೇಲೆ ಕೈಯಿಟ್ಟು ತನ್ನಷ್ಟಕ್ಕೆ ಮಾತಾಡಿದಳು. "ಖರೇ ಹೇಳ್ತೇನಿ ಶರಣ್ಯಾ, ನನಗ ನಮ್ಮವ್ವನ ಮಾರಿ ನೆನಪಿಲ್ಲ. ದನಿ ನೆನಪಿಲ್ಲ. ಈ ಫೋಟೋದಾಗ ಹೆಂಗದಾಳ, ಅಷ್ಟs ನನಗ ಆಕಿ. ಆಕಿ ಸೆರಗ ಹಿಡದಿದ್ದೆ ಅನ್ನೋದೂ ಇದರಾಗ ನೋಡಿದ್ಮ್ಯಾಲೇ ಗೊತ್ತಾತು." ಅಲ್ಲೇ ಹೇಳಿಬಿಡಬೇಕೆಂದು ಬಾಯಿ ತೆರೆದೆ. ತೆರೆದ ಬಾಯಿಗೆ ಹಿಂದಿನ ಹೆಂಗಸು ಇನ್ನೊಂದು ಹಿಡಿ ಚುರುಮುರಿ ಚಾಚಿದಳು, ತಿಂದು ಸುಮ್ಮನಾದೆ.

ದಸ್ತಗೀರ ಚಾಚಾನ ಅಂಗಡಿ ಆಳಂದದ ಹಳೆಯ ಗಲ್ಲಿಯಲ್ಲಿದೆ. ಲಕ್ಷ್ಮಿ, ಬಸವಣ್ಣ, ಮಕ್ಕಾ ಮದೀನಾ, ಮದುಮಕ್ಕಳು, ಯಾರದೋ ಸನ್ಮಾನ ಪತ್ರ, ಎಲ್ಲರೂ ಅಲ್ಲಿ ಗೋಡೆಗೆ ಒರಗಿ ತಮ್ಮ ಪಾಳಿ ಕಾಯುತ್ತಿದ್ದರು. ಚಾಚಾನ ಗಡ್ಡ ಪೂರ್ತಿ ಬೆಳ್ಳಗಾಗಿತ್ತು, ಕೈ ಮಾತ್ರ ನಡುಗುತ್ತಿರಲಿಲ್ಲ. "ಆವೋ ಆವೋ ಅಮ್ಮಾ, ಬರ್ರಿ, ಕೂಡ್ರಿ" ಎಂದು ಅವ್ವನಿಗೆ ಸ್ಟೂಲು ಕೊಟ್ಟು, ಮೇಜಿನ ಈಚೆ ಅವಳಿಗೆ ಎದುರಾಗಿ ಕುಳಿತು ಗಂಟು ಬಿಚ್ಚಿದ. ಫೋಟೋ ಎತ್ತಿ ನೋಡಿದ. ಕನ್ನಡಕ ಮೂಗಿಗೆ ಇಳಿಸಿ ನನ್ನನ್ನು ನೋಡಿದ.

"ಇದು ಗೆದ್ದಲ ಕೆಲಸ ಅಲ್ರಿ ಮಾಸ್ತರ್ರ. ಗೆದ್ದಲ ಇಷ್ಟು ಅವಸರ ಮಾಡಂಗಿಲ್ಲ."

ಅವ್ವ ಕೈ ಚಾಚಿದಳು. ಇನ್ನು ಮುಚ್ಚಿಡಲು ಏನೂ ಉಳಿದಿರಲಿಲ್ಲ. "ನಾನs ಹರದೆ ಅವ್ವಾ" ಎಂದೆ. ಪ್ಲಾಸ್ಟಿಕ್ಕು, ಬೆವರು, ಫ್ರಿಜ್ಜು, ಮಾಳಿಗೆ, ಎಲ್ಲ ಒಂದೇ ಉಸಿರಿಗೆ ಒದರಿದೆ. ಫ್ರಿಜ್ಜು ಎಂದಾಗ ಚಾಚಾ ಕೆಮ್ಮಿದ. ಅರವತ್ತು ದಾಟಿದ ನಾನು, ತಲೆಯ ಮೇಲೆ ಏಟು ಬೀಳುತ್ತದೆಂದು ಕಾಯುವ ಹುಡುಗನಂತೆ ನಿಂತಿದ್ದೆ. ನಿಜವಾಗಿ ಏಟು ಬಿದ್ದಿದ್ದರೆ ಹಗುರವಾಗುತ್ತಿತ್ತು.

ಅವ್ವ ಬಹಳ ಹೊತ್ತು ಫೋಟೋ ನೋಡಿದಳು. "ಅವ್ವ ಅದಾಳ" ಎಂದಳು ಮೊದಲು. ಆಮೇಲೆ ಆ ಬಿಳಿ ಜಾಗದ ಮೇಲೆ ಬೆರಳಾಡಿಸಿದಳು. "ಇದು ನಾನs ಏನು? ಹೋಗ್ಲಿ ಬಿಡು. ನಾ ಇಲ್ಲೇ ಕುಂತೇನಲ್ಲ. ಆಕಿ ಉಳದ್ಲಲ್ಲ, ಸಾಕು." ಮಾತು ಹಾಗೆ ಹೇಳಿದರೂ ಬೆರಳು ಮಾತ್ರ ಆ ಸೆರಗಿನ ತುದಿ ಬಿಟ್ಟು ಮುಂದೆ ಹೋಗಲಿಲ್ಲ. ನನ್ನಿಂದ ನೋಡಲಾಗಲಿಲ್ಲ, ಗಲ್ಲಿಯ ಕಡೆ ತಿರುಗಿ ನಿಂತೆ.

"ಫಿಕರ್ ನಕ್ಕೋ ಕರೋ ಅಮ್ಮಾ, ಚಿಂತಿ ಮಾಡಬ್ಯಾಡ್ರಿ. ಇದ್ದಷ್ಟು ಚೊಲೋ ಕಟ್ಟು ಹಾಕ್ತೇನಿ, ಬೂಸಲಾ ತಗೀತೇನಿ" ಎನ್ನುತ್ತ ಚಾಚಾ ಪೇಪರು ಬಿಚ್ಚಿ ಹಳೆಯ ಗಾಜು ತೆಗೆದ. "ಗಾಜು ಗಟ್ಟಿ ಅದ. ಈ ಹೊಟ್ಟು ತಿಕ್ಕಿ ತಗದ್ರ ಬ್ಯಾರೆ ಯಾವುದಕ್ಕರ ಬರ್ತದ" ಎಂದು ಅರಿವೆಯನ್ನು ನೀರಲ್ಲಿ ಅದ್ದಿ ಹಿಂಡಿ, ಹೊಟ್ಟು ಅಂಟಿದ ಮೈಯನ್ನು ತನ್ನ ಕಡೆ ಹಿಡಿದು ಗಾಜನ್ನು ಬೆಳಕಿಗೆ ಎತ್ತಿದ. ಅರಿವೆ ಇನ್ನೇನು ಮುಟ್ಟಬೇಕು.

"ತಡೀರಿ!"

ಅವ್ವ ಹಾಗೆ ಕೂಗಿದ್ದನ್ನು ನಾನು ಎಂದೂ ಕೇಳಿರಲಿಲ್ಲ. ಚಾಚಾನ ಕೈಯಿಂದ ಅರಿವೆ ಬಿತ್ತು. ಅವ್ವ ಸ್ಟೂಲಿನಿಂದ ಅರ್ಧ ಎದ್ದು, ಮೇಜಿನ ಆಚೆಯಿಂದ ಗಾಜಿನತ್ತ ಬೆರಳು ಚಾಚಿದ್ದಳು. ನಾನು ಹೋಗಿ ಅವಳ ಬೆನ್ನ ಹಿಂದೆ ನಿಂತು ನೋಡಿದೆ. ಆ ಕಡೆಯಿಂದ ನೋಡಿದರೆ ಅದು ಹೊಟ್ಟಲ್ಲ. ಗಾಜಿನೊಳಗೆ ಐದು ವರ್ಷದ ಹುಡುಗಿಯೊಬ್ಬಳು ಹುಬ್ಬು ಗಂಟಿಕ್ಕಿ ನಮ್ಮನ್ನೇ ನೋಡುತ್ತಿದ್ದಳು. ಮುಖ, ಭುಜ, ಮುಷ್ಟಿ ಹಿಡಿದ ಕೈ, ಎಲ್ಲ ಪೂರ್ತಿ ಇತ್ತು. ಫೋಟೋದ ಮೇಲ್ಪದರು ಗಾಜಿಗೇ ಅಂಟಿ ಉಳಿದಿತ್ತು. ನಿನ್ನೆ ನಾನು ಅದರ ಬೆನ್ನನ್ನು ಮಾತ್ರ ನೋಡಿದ್ದೆ. ವಿಜ್ಞಾನದ ಮಾಸ್ತರನಿಗೆ ಗಾಜಿಗೆ ಎರಡು ಮಗ್ಗುಲು ಇರುತ್ತವೆ ಎಂಬುದು ಹೊಳೆದಿರಲಿಲ್ಲ.

"ಯಾ ಅಲ್ಲಾ," ಎಂದ ಚಾಚಾ. ಹಣೆಯ ಬೆವರು ಒರೆಸಿಕೊಂಡ. "ಇನ್ನೊಂದ್ ಗಳಿಗಿ ಆಗಿದ್ರ ನಾನs ಅಳಿಸಿ ಬಿಡ್ತಿದ್ದೆ ಅಮ್ಮಾ ನಿಮಗ." ಎದ್ದು ಹೋಗಿ ಕೈ ತೊಳೆದು, ಚೆನ್ನಾಗಿ ಒಣಗಿಸಿ ಬಂದ. ಹುಡುಗಿಯನ್ನು ಗಾಜಿನಿಂದ ಬಿಡಿಸಲಾಗದು, ಬಿಡಿಸಹೋದರೆ ಪುಡಿಯಾಗುತ್ತಾಳೆ; ಹೊಸ ಗಾಜು ಬೇಡ, ಇದೇ ಗಾಜನ್ನು ಮೊದಲು ಇದ್ದ ಜಾಗಕ್ಕೇ ಕೂಡಿಸಿದರೆ ಇಬ್ಬರೂ ಮತ್ತೆ ಒಂದೇ ಕಡೆ ಇರುತ್ತಾರೆ ಎಂದು ವಿವರಿಸಿದ. ಸುತ್ತ ರಟ್ಟಿನ ಸಣ್ಣ ಪಟ್ಟಿ ಇಟ್ಟು ಗಾಳಿ ಆಡಲು ಸಂದಿ ಬಿಡುತ್ತೇನೆ ಎಂದ. ಗಾಳಿ ಎಂದಾಗ ಇಬ್ಬರೂ ನನ್ನ ಕಡೆ ನೋಡಿದರು.

ಚಾಚಾ ಫೋಟೋವನ್ನು ಮೇಜಿನ ಮೇಲೆ ಮಲಗಿಸಿ, ಉಸಿರು ಬಿಗಿಹಿಡಿದು ಗಾಜನ್ನು ಅದರ ಮೇಲೆ ಇಳಿಸಿದ. ಹುಡುಗಿ ಆಯಿಯಿಂದ ಒಂದು ಬೆರಳು ದೂರ ನಿಂತಳು. ನಾನು ನೆರವಾಗಲು ಕೈ ಮುಂದೆ ಮಾಡಿದೆ. "ನೀ ದೂರ ನಿಂದ್ರಲೇ!" ಎಂದಳು ಅವ್ವ. ದೂರ ನಿಂತೆ. ಅವ್ವ ಮೇಜಿನ ಮೇಲೆ ಬಗ್ಗಿ, ಮೂಗು ಗಾಜಿಗೆ ತಾಗುವಷ್ಟು ಹತ್ತಿರ ಹೋದಳು.

"ಒಂದೀಟು ಎಡಕ್ಕ ತಗೋರಿ... ಹಾಂ, ಇನ್ನಾ ಒಂದೀಟು. ಭಾಳ ಆತು, ಹಿಂದ ಸರಸ್ರಿ. ಕಾಲಿಗೆ ಕಾಲು ಕೂಡ್ಲಿ ಮದಲ. ಹಾಂ. ಈಗ ಮ್ಯಾಲ."

ಚಾಚಾನ ಎರಡು ಹೆಬ್ಬೆರಳು ಗಾಜಿನ ಅಂಚನ್ನು ಕೂದಲೆಳೆಯಷ್ಟೇ ಸರಿಸಿದವು. ಮುಷ್ಟಿ ಸೆರಗಿನ ತುದಿಯತ್ತ ಬಂತು.

"ಇನ್ನಾ ಮುಟ್ಟಿಲ್ಲ... ಇನ್ನಾ ಇಲ್ಲ..." ಎನ್ನುತ್ತ ಅವ್ವ ಆ ಮುಷ್ಟಿಯ ಮೇಲೇ ಕಣ್ಣು ನೆಟ್ಟಿದ್ದಳು. ಆಮೇಲೆ ಬಹಳ ಮೆಲ್ಲಗೆ ಹೇಳಿದಳು.

"ಹಾಂ, ಹಿಡದೆ. ಈಗ ಬಿಡಬ್ಯಾಡ್ರಿ."